ಒಂದೇ ಹಾಡು, ನಾಲ್ಕು ಮಿಕ್ಸ್: ಹೌಸ್ ಸಂಗೀತದ ಹೊಸ ರಿಲೀಸ್ ಕೇಳುವುದು ಹೇಗೆ?

ಹೌಸ್ ಅಂದರೆ ಕ್ಲಬ್‌ಗಳಲ್ಲಿ ಕುಣಿಯಲು ಮಷೀನ್‌ಗಳಲ್ಲಿ ಕಟ್ಟುವ ಸಂಗೀತ. ಅದನ್ನು ಕಟ್ಟುವ ಯಾರಾದರೂ ಪ್ರೊಡ್ಯೂಸರ್‌ನ ಹೊಸ ರಿಲೀಸ್ ತೆರೆದು ನೋಡಿ. ಹಾಡು ಒಂದೇ, ಆದರೆ ಅದರ ಹೆಸರು ಮೂರು ನಾಲ್ಕು ಸಲ ಬಂದಿರುತ್ತದೆ. ಒಂದರ ಪಕ್ಕ ಎಡಿಟ್ ಅಂತ, ಇನ್ನೊಂದರ ಪಕ್ಕ ಎಕ್ಸ್‌ಟೆಂಡೆಡ್ ಮಿಕ್ಸ್ ಅಂತ, ಮತ್ತೊಂದು ಡಬ್, ಕೊನೆಗೆ ಬೇರೆ ಯಾರದೋ ಹೆಸರಿನ ರೀಮಿಕ್ಸ್. ಒಂದು ಮೂರು ನಿಮಿಷ ಇದ್ದರೆ ಇನ್ನೊಂದು ಆರೂವರೆ ನಿಮಿಷ. ಹೊಸದಾಗಿ ಕೇಳುವವರು ಸಹಜವಾಗಿ ಚಿಕ್ಕದನ್ನೇ ಒತ್ತುತ್ತಾರೆ. ಅಪ್ಪಿತಪ್ಪಿ ಉದ್ದದ್ದನ್ನು ಒತ್ತಿದರೆ ಮೊದಲ ಅರ್ಧ ನಿಮಿಷ ಬರೀ ಡ್ರಮ್ಸ್. ಹಾಡು ಇನ್ನೂ ಶುರುವೇ ಆಗಲಿಲ್ಲವಲ್ಲ ಅಂತ ಮುಂದಕ್ಕೆ ಓಡಿಸುತ್ತಾರೆ.

ಆ ಅರ್ಧ ನಿಮಿಷ ಯಾಕಿದೆ ಅಂತ ಗೊತ್ತಾದರೆ ಹೌಸ್ ಸಂಗೀತ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಅದನ್ನು ಇಟ್ಟಿರುವುದು ಡಿಜೆಗೋಸ್ಕರ. ಹೌಸ್ ಟ್ರ್ಯಾಕ್ ಎರಡು ಥರದ ಜನರ ಕೈ ಸೇರುತ್ತದೆ. ಸುಮ್ನೆ ಕೂತು ಕೇಳುವವರು ಒಂದು ಕಡೆ. ಅದನ್ನು ಇನ್ನೊಂದು ಟ್ರ್ಯಾಕ್‌ಗೆ ಬೆಸೆದು ಜನರನ್ನು ಕುಣಿಸುವವರು ಇನ್ನೊಂದು ಕಡೆ. ಪ್ರೊಡ್ಯೂಸರ್ ಕೂತು ಕೆಲಸ ಮಾಡುವಾಗ ಇಬ್ಬರೂ ಅವರ ಮನಸ್ಸಿನಲ್ಲಿರುತ್ತಾರೆ. ಹಾಡಿನ ಉದ್ದ, ಅದರ ಕಟ್ಟಡ, ಅಷ್ಟೊಂದು ಮಿಕ್ಸ್‌ಗಳು, ರಿಲೀಸ್ ಆಗುವ ರೀತಿ ಎಲ್ಲವೂ ಅಲ್ಲಿಂದಲೇ ಬಂದದ್ದು.

ಇದು ಹೌಸ್‌ಗಿಂತ ಹಳೆಯ ಅಭ್ಯಾಸ. 1970ರ ದಶಕದ ನಡುವೆ ನ್ಯೂಯಾರ್ಕ್‌ನ ಡಿಸ್ಕೊ ಕ್ಲಬ್‌ಗಳಲ್ಲಿ ಒಂದು ತೊಂದರೆ ಇತ್ತು. ಹಾಡುಗಳು ಬರುತ್ತಿದ್ದದ್ದು ಏಳು ಇಂಚಿನ ರೆಕಾರ್ಡ್‌ಗಳಲ್ಲಿ. ಕುಣಿಯುವವರಿಗೆ ಮೈ ಬಿಸಿಯಾಗುವಷ್ಟರಲ್ಲಿ ಮೂರು ನಿಮಿಷದ ಹಾಡು ಮುಗಿದೇ ಹೋಗುತ್ತಿತ್ತು. ಟಾಮ್ ಮೌಲ್ಟನ್ ಅನ್ನುವವರು ಟೇಪ್ ಕತ್ತರಿಸಿ, ಅಂಟಿಸಿ, ಹಾಡುಗಳನ್ನು ಉದ್ದ ಮಾಡುತ್ತಿದ್ದರು. ಉದ್ದವಾದ ಹಾಡಿಗೆ ದೊಡ್ಡ ರೆಕಾರ್ಡ್ ಬೇಕಾಯಿತು, ಹನ್ನೆರಡು ಇಂಚಿನ ಸಿಂಗಲ್ ಬಂತು. ಜಾಗ ಜಾಸ್ತಿ ಸಿಕ್ಕಿದ್ದರಿಂದ ಅದರಲ್ಲಿ ಗೀರುಗಳ ನಡುವೆ ಅಂತರ ಬಿಡಬಹುದಿತ್ತು. ಹಾಗಾಗಿ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಗಟ್ಟಿಯಾಗಿ, ತುಂಬಿಕೊಂಡು ಕೇಳುತ್ತಿತ್ತು. 1976ರಲ್ಲಿ ಸಾಲ್ಸೋಲ್ ಅನ್ನುವ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ಹನ್ನೆರಡು ಇಂಚಿನಲ್ಲಿ ಅಂಗಡಿಗೆ ತಂದಿತು. ಅಲ್ಲಿಯವರೆಗೆ ಆ ಥರದ ರೆಕಾರ್ಡ್ ಡಿಜೆಗಳ ಕೈಯಲ್ಲಷ್ಟೇ ಓಡಾಡುತ್ತಿತ್ತು. ಆ ಹಾಡನ್ನು ಹಿಗ್ಗಿಸಿದ್ದು ವಾಲ್ಟರ್ ಗಿಬ್ಬನ್ಸ್. ಅವರೇ ಒಬ್ಬ ಡಿಜೆ. ಎಲ್ಲಿ ಡ್ರಮ್ಸ್ ಉಳಿಸಬೇಕು, ಎಲ್ಲಿ ಹಾಡುಗಾರಿಕೆ ತೆಗೆಯಬೇಕು ಅನ್ನುವುದು ಅವರಿಗೆ ಕುಣಿಯುವ ಜನರನ್ನು ನೋಡಿಯೇ ಗೊತ್ತಿತ್ತು.

ಆಮೇಲೆ ಶಿಕಾಗೊ. 1977ರಲ್ಲಿ ಫ್ರಾಂಕಿ ನಕಲ್ಸ್ ನ್ಯೂಯಾರ್ಕ್‌ನಿಂದ ಅಲ್ಲಿಗೆ ಹೋಗಿ ವೇರ್‌ಹೌಸ್ ಅನ್ನುವ ಕ್ಲಬ್‌ನಲ್ಲಿ ನುಡಿಸತೊಡಗಿದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಗೇ ಯುವಕರು. 1979ರ ಜುಲೈ 12ರಂದು ಅದೇ ಊರಿನ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಡಿಸ್ಕೊ ಕಂಡರಾಗದವರು ಅದರ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ದೊಡ್ಡ ಕಂಪನಿಗಳು ಡಿಸ್ಕೊದಿಂದ ಕೈ ತೊಳೆದುಕೊಂಡವು. ಕ್ಲಬ್‌ಗಳಿಗೆ ಹೊಸ ಸರಕು ಕಡಿಮೆಯಾಯಿತು. ನಕಲ್ಸ್ ಇದ್ದ ಹಾಡುಗಳನ್ನೇ ಟೇಪ್‌ನಲ್ಲಿ ಮರುಜೋಡಿಸಿ ನುಡಿಸಿದರು, ಕ್ರಮೇಣ ಡ್ರಮ್ ಮಷೀನ್ ಕೂಡ ಸೇರಿಸಿದರು. ಕೇಳಿ ಬೆಳೆದ ಹುಡುಗರು ಮನೆಯಲ್ಲೇ ಮಷೀನ್ ಇಟ್ಟುಕೊಂಡು ಸ್ವಂತ ಟ್ರ್ಯಾಕ್ ಮಾಡತೊಡಗಿದರು. 1984ರಲ್ಲಿ ಜೆಸ್ಸಿ ಸಾಂಡರ್ಸ್ ವಿನ್ಸ್ ಲಾರೆನ್ಸ್ ಜೊತೆ ಸೇರಿ ಮಾಡಿದ ‘ಆನ್ ಅಂಡ್ ಆನ್’ ವಿನೈಲ್‌ನಲ್ಲಿ ಬಂತು. ಅದನ್ನೇ ಮೊದಲ ಹೌಸ್ ರೆಕಾರ್ಡ್ ಅಂತ ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಗಮನಿಸಿ, ಸಾಂಡರ್ಸ್ ಕೂಡ ಡಿಜೆಯೇ. ತಮಗೆ ಬೇಕಾದ ರೆಕಾರ್ಡ್ ಕೈಯಲ್ಲಿ ಇಲ್ಲದಿದ್ದಾಗ ತಾವೇ ಮಾಡಿಕೊಂಡರು.

ಈಗ ಒಂದು ಎಕ್ಸ್‌ಟೆಂಡೆಡ್ ಮಿಕ್ಸ್‌ನ ಒಳಗೆ ಹೋಗೋಣ. ಹೌಸ್‌ನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬೀಟ್. ನಮ್ಮ ಟ್ರ್ಯಾಕ್ 124 ಅಂತ ಇಟ್ಟುಕೊಳ್ಳಿ. ನಾಲ್ಕು ಬೀಟ್‌ಗೆ ಒಂದು ಬಾರ್. ಒಂದು ಬಾರ್‌ಗೆ ಹತ್ತಿರ ಹತ್ತಿರ ಎರಡು ಸೆಕೆಂಡ್. ಪ್ರತಿ ಬೀಟ್‌ಗೂ ಕಿಕ್ ಡ್ರಮ್‌ನ ದಪ್ಪ ಏಟು ಬೀಳುತ್ತದೆ, ಎರಡನೆಯ ಮತ್ತು ನಾಲ್ಕನೆಯ ಬೀಟ್‌ಗೆ ಚಪ್ಪಾಳೆ ಸದ್ದು, ಎರಡು ಕಿಕ್‌ಗಳ ನಡುವೆ ಸರಿಯಾಗಿ ಹೈ ಹ್ಯಾಟ್ ಅನ್ನುವ ತಾಳದ ತೆಳು ಸದ್ದು. ಇದು ಬುನಾದಿ. ಇದರ ಮೇಲೆ ಏನೇ ಬದಲಾದರೂ 8, 16 ಅಥವಾ 32 ಬಾರ್‌ಗೆ ಒಮ್ಮೆ ಬದಲಾಗುತ್ತದೆ. ಮೊದಲ 16 ಬಾರ್ ಅಂದರೆ 31 ಸೆಕೆಂಡ್. ನೀವು ಮುಂದಕ್ಕೆ ಓಡಿಸಿದ ಅರ್ಧ ನಿಮಿಷ ಇದೇ. ಅದರಲ್ಲಿ ಕಿಕ್, ಹೈ ಹ್ಯಾಟ್, ಹೆಚ್ಚೆಂದರೆ ಒಂದು ಶೇಕರ್. ಅಲ್ಲಿ ರಾಗವೂ ಇಲ್ಲ, ಬೇಸ್‌ನಲ್ಲಿ ನುಡಿಸುವ ಸ್ವರಗಳ ಸಾಲು, ಅಂದರೆ ಬೇಸ್‌ಲೈನ್ ಕೂಡ ಇಲ್ಲ.

ಯಾಕೆ ಅಂದರೆ, ಆ ಹೊತ್ತಿನಲ್ಲಿ ಕ್ಲಬ್‌ನಲ್ಲಿ ಇನ್ನೊಂದು ಹಾಡು ಓಡುತ್ತಿದೆ. ಡಿಜೆ ಹೊಸ ಟ್ರ್ಯಾಕ್‌ನ ವೇಗವನ್ನು ಅದಕ್ಕೆ ಸರಿಹೊಂದಿಸಿ, ಹಳೆಯದರ ಒಂದು ಘಟ್ಟ ಮುಗಿಯುವ ಕ್ಷಣಕ್ಕೆ ಹೊಸದನ್ನು ಬಿಡುತ್ತಾರೆ. ಎರಡೂ ಕಿಕ್‌ಗಳು ಒಂದರ ಮೇಲೊಂದು ಬೀಳುತ್ತವೆ. ಹೊಸದರಲ್ಲಿ ಬರೀ ಡ್ರಮ್ಸ್ ಇರುವುದರಿಂದ ಹಳೆಯದರ ರಾಗಕ್ಕೆ ಅಡ್ಡಿಯಿಲ್ಲ. ಡಿಜೆ ಅಷ್ಟರಲ್ಲಿ ಸದ್ದು ಬೆರೆಸುವ ಮಿಕ್ಸರ್‌ನಲ್ಲಿ ಹೊಸದರ ಬೇಸ್ ನಾಬ್ ತಿರುಗಿಸಿ ಇಳಿಸಿಟ್ಟಿರುತ್ತಾರೆ. ಎರಡು ಬೇಸ್ ಒಟ್ಟಿಗೆ ಬಂದರೆ ಸದ್ದು ಕೆಸರಾಗುತ್ತದೆ. ಹದಿನೇಳನೇ ಬಾರ್‌ಗೆ ಹೊಸ ಟ್ರ್ಯಾಕ್‌ನ ಬೇಸ್‌ಲೈನ್ ಬರಬೇಕು. ಸರಿಯಾಗಿ ಆ ಬೀಟ್‌ಗೆ ಒಂದು ಕೈ ಹಳೆಯದರ ಬೇಸ್ ಇಳಿಸುತ್ತದೆ, ಇನ್ನೊಂದು ಕೈ ಹೊಸದರ ಬೇಸ್ ಏರಿಸುತ್ತದೆ. ಕುಣಿಯುವವರಿಗೆ ಕಾಲ ಕೆಳಗಿನ ನೆಲವೇ ಬದಲಾದ ಹಾಗೆ ಅನ್ನಿಸುತ್ತದೆ, ಆದರೆ ಹೆಜ್ಜೆ ತಪ್ಪುವುದಿಲ್ಲ. ಇಡೀ ರಾತ್ರಿಯ ಸಂಗೀತ ಎಲ್ಲೂ ನಿಲ್ಲದೆ ಹರಿಯುವುದು ಹೀಗೆ.

ಆಮೇಲೆ ಟ್ರ್ಯಾಕ್ ತುಂಬುತ್ತಾ ಹೋಗುತ್ತದೆ. ಕೀಬೋರ್ಡ್‌ನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತಿದ ಸ್ವರಗಳು ಬರುತ್ತವೆ, ದನಿಯ ಒಂದು ತುಣುಕು ಬರುತ್ತದೆ. ನಡುವೆ ಎಲ್ಲೋ ಒಂದು ಕಡೆ ಕಿಕ್ ಪೂರ್ತಿ ನಿಲ್ಲುತ್ತದೆ. ಇದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ಇಲ್ಲಿ ಹಾಡುಗಾರಿಕೆ ಅಥವಾ ರಾಗ ಒಂಟಿಯಾಗಿ ತೇಲುತ್ತದೆ. 16 ಅಥವಾ 32 ಬಾರ್ ಆದ ಮೇಲೆ ಕಿಕ್ ಬೇಸ್ ಎರಡೂ ಒಟ್ಟಿಗೆ ವಾಪಸ್ ಬೀಳುತ್ತವೆ. ಒಳ್ಳೆಯ ಪ್ರೊಡ್ಯೂಸರ್‌ನ ಗುರುತು ನನಗೆ ಸಿಗುವುದು ಇಲ್ಲಿ. ಕೆಲವರು ಈ ಜಾಗದಲ್ಲಿ ಸದ್ದು ಏರಿಸಿ ಏರಿಸಿ ಬಡಿಯುತ್ತಾರೆ. ಬಲ್ಲವರು ಬಹಳ ಕಡಿಮೆ ಮಾಡುತ್ತಾರೆ. ಒಂದು ಹೈ ಹ್ಯಾಟ್ ಅನ್ನು ಅಲ್ಲಿಯವರೆಗೆ ಬಚ್ಚಿಟ್ಟು ಆಗ ಬಿಡುತ್ತಾರೆ, ಅಷ್ಟೇ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಕೊನೆಯ 16 ಅಥವಾ 32 ಬಾರ್ ಮತ್ತೆ ಬರೀ ಡ್ರಮ್ಸ್. ಅದು ಮುಂದಿನ ಹಾಡಿಗೆ ಬಿಟ್ಟ ಜಾಗ. ಆರೂವರೆ ನಿಮಿಷದ ಟ್ರ್ಯಾಕ್ ಅಂದರೆ ಸುಮಾರು 200 ಬಾರ್. ಒಂದು ಸಲ ಬೆರಳಲ್ಲಿ ಎಣಿಸುತ್ತಾ ಕೇಳಿ ನೋಡಿ. ಬದಲಾವಣೆ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಾಗತೊಡಗುತ್ತದೆ. ಗೊತ್ತಿದ್ದೂ ಅದಕ್ಕಾಗಿ ಕಾಯುವುದರಲ್ಲೇ ಹೌಸ್‌ನ ಖುಷಿ ಇದೆ.

ಹಾಗಾದರೆ ಮೂರು ನಿಮಿಷದ್ದು ಯಾಕೆ? ಮೊದಲು ರೇಡಿಯೊಗೋಸ್ಕರ ಮಾಡುತ್ತಿದ್ದರು, ಈಗ ಸ್ಟ್ರೀಮಿಂಗ್‌ಗೋಸ್ಕರವೂ ಮಾಡುತ್ತಾರೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ಮೂರು ನಿಮಿಷದ್ದಾಗಲಿ ಏಳು ನಿಮಿಷದ್ದಾಗಲಿ, ಎಣಿಕೆಗೆ ಒಂದೇ. 31 ಸೆಕೆಂಡ್ ಬರೀ ಡ್ರಮ್ಸ್ ಇಟ್ಟರೆ ಕೇಳುವವರು ಅದಕ್ಕೂ ಮುಂಚೆಯೇ ಬೇರೆ ಹಾಡಿಗೆ ಹೋಗಿಬಿಡಬಹುದು. ಹಾಗಾಗಿ ಶುರುವಿನ ಡ್ರಮ್ಸ್ ಕತ್ತರಿಸಿ, ಹಾಡುಗಾರಿಕೆಯನ್ನು ಮುಂದಕ್ಕೆ ತಂದು, ಬ್ರೇಕ್‌ಡೌನ್ ಚಿಕ್ಕದು ಮಾಡಿ ಒಂದು ಎಡಿಟ್ ಬಿಡುತ್ತಾರೆ. ಬಸ್ಸಿನಲ್ಲಿ, ಅಡುಗೆ ಮಾಡುವಾಗ ಕೇಳಲು ಅದು ಸಾಕು. ಆದರೆ ಪ್ರೊಡ್ಯೂಸರ್ ಏನು ಮಾಡಿದ್ದಾರೆ ಅಂತ ತಿಳಿಯಬೇಕಾದರೆ ಉದ್ದದ್ದನ್ನೇ ಕೇಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಯಿಸುವುದು, ನಿಧಾನಕ್ಕೆ ಒಂದೊಂದೇ ಪದರ ಸೇರಿಸುವುದು ಈ ಸಂಗೀತದ ಜೀವಾಳ. ಎಡಿಟ್‌ನಲ್ಲಿ ಮೊದಲು ಹೋಗುವುದೇ ಅದು.

ಡಬ್ ಮಿಕ್ಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹಾಡುಗಾರಿಕೆಯ ಬಹುಪಾಲು ತೆಗೆದು, ಉಳಿದ ಚೂರುಪಾರಿಗೆ ಪ್ರತಿಧ್ವನಿ ಕೊಟ್ಟು, ಡ್ರಮ್ಸ್ ಬೇಸ್ ಎರಡನ್ನೂ ಮುಂದೆ ತಂದ ಮಿಕ್ಸ್ ಅದು. ಈ ಉಪಾಯ ಜಮೈಕಾದ ರೆಗೆ ಸ್ಟುಡಿಯೊಗಳಿಂದ ಬಂದದ್ದು. ರಾತ್ರಿ ಬಹಳ ಹೊತ್ತಾದ ಮೇಲೆ, ಮಾತು ಬೇಡ ಅನ್ನಿಸುವ ಹೊತ್ತಿಗೆ ಡಿಜೆಗಳು ಇದನ್ನು ಹುಡುಕುತ್ತಾರೆ.

ರೀಮಿಕ್ಸ್ ವಿಷಯ ಮಾತ್ರ ಬಹಳ ದೊಡ್ಡದು. ರಿಲೀಸ್‌ನಲ್ಲಿ ಅದು ಕೊನೆಯ ಸಾಲಿನಲ್ಲಿರುತ್ತದೆ ಅಂತ ಬಿಟ್ಟುಬಿಡಬೇಡಿ. ರಾಬಿನ್ ಎಸ್ ಹಾಡಿದ ‘ಶೋ ಮಿ ಲವ್’ ಮೊದಲು ಬಂದದ್ದು 1990ರಲ್ಲಿ. ಅಂಥ ಸದ್ದೇನೂ ಮಾಡಲಿಲ್ಲ. ಸ್ವೀಡನ್‌ನ ಸ್ಟೋನ್‌ಬ್ರಿಡ್ಜ್ ಅದನ್ನು ರೀಮಿಕ್ಸ್ ಮಾಡಿದರು. ಹಾಡಿನ ದನಿ ಇಟ್ಟುಕೊಂಡು ಉಳಿದದ್ದನ್ನು ಬಹುತೇಕ ತೆಗೆದುಹಾಕಿದರು. ಕೋರ್ಗ್ ಎಂ1 ಅನ್ನುವ ಸಿಂಥಸೈಜರ್‌ನಲ್ಲಿ ‘ಆರ್ಗನ್ 2’ ಅಂತ ಕಂಪನಿಯೇ ತುಂಬಿಕೊಟ್ಟ ಒಂದು ಸದ್ದಿತ್ತು. ಅದರಲ್ಲಿ ಬೇಸ್‌ಲೈನ್ ನುಡಿಸಿದರು. ಮರದ ಹಲಗೆಗೆ ಬೆರಳಲ್ಲಿ ತಟ್ಟಿದಂತೆ ಶುರುವಾಗಿ, ಒಳಗೆ ಟೊಳ್ಳಾಗಿ ಗುಂಯ್ ಅನ್ನುವ ಸದ್ದು ಅದು. 1993ರಲ್ಲಿ ಆ ಮಿಕ್ಸ್ ಬ್ರಿಟನ್ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ, ಅಮೆರಿಕದಲ್ಲಿ ಐದನೇ ಸ್ಥಾನಕ್ಕೆ ಏರಿತು. ಇವತ್ತಿಗೂ ಹೊಸ ಹೌಸ್ ರಿಲೀಸ್‌ಗಳಲ್ಲಿ ಆ ಆರ್ಗನ್ ಬೇಸ್ ಕೇಳಿಸುತ್ತಲೇ ಇರುತ್ತದೆ. ಒಂದು ಸಲ ಕಿವಿಗೆ ಬಿದ್ದರೆ ಎಲ್ಲಿ ಬಂದರೂ ಗುರುತು ಹಿಡಿಯುತ್ತೀರಿ. ನಮಗೆಲ್ಲ ಗೊತ್ತಿರುವ ಹಾಡು ಆ ರೀಮಿಕ್ಸೇ.

ಎವ್ರಿಥಿಂಗ್ ಬಟ್ ದ ಗರ್ಲ್ ಜೋಡಿಯ ‘ಮಿಸ್ಸಿಂಗ್’ ಕತೆಯೂ ಇದೇ. 1994ರಲ್ಲಿ ಅದು ಮೆಲ್ಲಗಿನ ಹಾಡಾಗಿ ಬಂದು ಹೋಯಿತು. ನ್ಯೂಯಾರ್ಕ್‌ನ ಟಾಡ್ ಟೆರಿ ಅದಕ್ಕೆ ಹೌಸ್ ಬೀಟ್ ಕೊಟ್ಟ ಮೇಲೆ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತು. 1998ರಲ್ಲಿ ಗ್ರ್ಯಾಮಿ ಪ್ರಶಸ್ತಿಯಲ್ಲಿ ರೀಮಿಕ್ಸ್ ಮಾಡುವವರಿಗಾಗಿಯೇ ಒಂದು ವಿಭಾಗ ತೆರೆದಾಗ ಮೊದಲು ಗೆದ್ದವರು ಫ್ರಾಂಕಿ ನಕಲ್ಸ್. ಹಾಡು ಬರೆದವರಷ್ಟೇ ಹಾಡನ್ನು ಬಿಚ್ಚಿ ಕಟ್ಟಿದವರೂ ಮುಖ್ಯ ಅಂತ ಕ್ಲಬ್‌ಗಳಿಗೆ ಯಾವತ್ತೋ ಗೊತ್ತಿತ್ತು. ಹಣದ ಲೆಕ್ಕ ಬೇರೆ. ರೀಮಿಕ್ಸ್ ಮಾಡಿದವರಿಗೆ ಸಾಮಾನ್ಯವಾಗಿ ಒಂದೇ ಸಲ ಇಡಿಗಂಟು ಕೊಟ್ಟು ಮುಗಿಸುತ್ತಾರೆ. ಹಾಡು ಬರೆದವರ ಪಾಲಿನಲ್ಲಿ ಅವರಿಗೆ ಹಕ್ಕು ಸಿಗುವುದು ಅಪರೂಪ.

ಎಲ್ಲ ಹೌಸ್ ಟ್ರ್ಯಾಕ್‌ಗೂ ಕಿಕ್ ಒಂದೇ ಥರ, ವೇಗ ಒಂದೇ ಥರ. ಹಾಗಿದ್ದರೆ ಹೊಸ ರಿಲೀಸ್‌ನಲ್ಲಿ ಹೊಸದೇನು? ಇದು ಬಹಳ ಜನ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. ಉತ್ತರ ಸಣ್ಣ ಸಣ್ಣ ಜಾಗಗಳಲ್ಲಿದೆ. ಹೈ ಹ್ಯಾಟ್ ಕೇಳಿ. ಒಂದು ಬೀಟ್ ಅನ್ನು ನಾಲ್ಕು ಭಾಗ ಮಾಡಿದರೆ ಎರಡನೆಯದು ಮತ್ತು ನಾಲ್ಕನೆಯದು ಕೂದಲೆಳೆಯಷ್ಟು ತಡವಾಗಿ ಬೀಳುತ್ತವೆ. ಇದನ್ನು ಸ್ವಿಂಗ್ ಅನ್ನುತ್ತಾರೆ. ಸೆಕೆಂಡಿನ ನೂರನೇ ಒಂದೆರಡು ಭಾಗದ ವ್ಯತ್ಯಾಸ ಅಷ್ಟೇ. ಅದಿಲ್ಲದಿದ್ದರೆ ಬೀಟ್ ಮಿಲಿಟರಿ ನಡಿಗೆಯ ಹಾಗೆ ಕೇಳುತ್ತದೆ, ಇದ್ದರೆ ಸೊಂಟ ತಾನಾಗಿ ಅಲ್ಲಾಡುತ್ತದೆ. 1983ರಲ್ಲಿ ಬಂದ ರೋಲ್ಯಾಂಡ್‌ನ ಟಿಆರ್-909 ಡ್ರಮ್ ಮಷೀನ್‌ನಲ್ಲೇ ಇದಕ್ಕೊಂದು ಬಟನ್ ಇತ್ತು. ಇನ್ನು ಕಿಕ್ ಬಿದ್ದಾಗ ಉಳಿದ ಸದ್ದುಗಳು ಒಂದು ಕ್ಷಣ ತಗ್ಗಿ ಮತ್ತೆ ಏಳುವುದನ್ನು ಗಮನಿಸಿ. ಕಿಕ್‌ಗೆ ಜಾಗ ಮಾಡಿಕೊಡಲು ಹುಟ್ಟಿದ ಈ ತಂತ್ರಕ್ಕೆ ಸೈಡ್‌ಚೈನ್ ಅಂತ ಹೆಸರು. ಇಡೀ ಟ್ರ್ಯಾಕ್ ಉಸಿರಾಡುತ್ತಿದೆ ಅನ್ನಿಸುವುದು ಇದರಿಂದ.

ಡೀಪ್, ಟೆಕ್, ಆಸಿಡ್, ಆಫ್ರೊ ಅಂತ ರಿಲೀಸ್ ಮೇಲೆ ಬರುವ ಚೀಟಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡೀಪ್ ಅಂದರೆ ಮೃದುವಾದ, ಜ್ಯಾಜ್ ಛಾಯೆಯ ಕಾರ್ಡ್‌ಗಳು. ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ ಲ್ಯಾರಿ ಹರ್ಡ್ 1980ರ ದಶಕದ ನಡುವೆ ತೋರಿಸಿಕೊಟ್ಟ ದಾರಿ. ಟೆಕ್ ಅಂದರೆ ರಾಗ ಕಡಿಮೆ, ಬೇಸ್ ಮತ್ತು ತಾಳದ ಸದ್ದು ಜಾಸ್ತಿ. ಆಫ್ರೊದಲ್ಲಿ ಒಂದರೊಳಗೊಂದು ಹೆಣೆದ ತಾಳವಾದ್ಯಗಳು. ಅಂಗಡಿಯಲ್ಲಿ ಹುಡುಕಲು ಇವು ಬೇಕು, ಕೇಳಲು ಬೇಕಿಲ್ಲ. ಆಸಿಡ್ ಹುಟ್ಟಿದ ಕತೆ ಮಾತ್ರ ಬಿಡುವಂಥದ್ದಲ್ಲ, ಯಾಕಂದರೆ ಒಂದು ಟ್ರ್ಯಾಕ್ ರಿಲೀಸ್ ಆಗುವ ಮುಂಚೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಒಳ್ಳೆಯ ಉದಾಹರಣೆ.

ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಅನ್ನುವ ಪುಟ್ಟ ಮಷೀನ್ ತಂದಿತು. ಒಬ್ಬರೇ ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರ್‌ನ ಜೊತೆ ಕೊಡಲಿ ಅನ್ನುವುದು ಉದ್ದೇಶ. ಸದ್ದು ಬೇಸ್ ಗಿಟಾರ್ ಥರ ಇರಲೇ ಇಲ್ಲ. ಮಾರಾಟ ಬಿದ್ದುಹೋಯಿತು, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗತೊಡಗಿತು. ಶಿಕಾಗೊದ ಫ್ಯೂಚರ್ ತಂಡದ ಡಿಜೆ ಪಿಯರ್, ಸ್ಪ್ಯಾಂಕಿ ಮತ್ತು ಹರ್ಬ್ ಜೆ ಅದರ ನಾಬ್‌ಗಳನ್ನು ಮಷೀನ್ ಓಡುತ್ತಿರುವಾಗಲೇ ತಿರುಗಿಸಿದರು. ಕಿರುಚುವ, ಜಿಗುಟಾದ, ಬಾಯಿ ತೆರೆದು ಮುಚ್ಚಿದಂಥ ಸದ್ದು ಬಂತು. ಅದನ್ನು ಟೇಪ್ ಮಾಡಿ ಮ್ಯೂಸಿಕ್ ಬಾಕ್ಸ್ ಕ್ಲಬ್‌ನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಪಿಯರ್ ಹೇಳುವ ಪ್ರಕಾರ ಮೊದಲ ಸಲ ನುಡಿಸಿದಾಗ ಜನ ಜಾಗ ಖಾಲಿ ಮಾಡಿದರು. ಹಾರ್ಡಿ ಬಿಡಲಿಲ್ಲ, ಅದೇ ರಾತ್ರಿ ಮತ್ತೆ ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. ಆ ಟ್ರ್ಯಾಕ್ ‘ಆಸಿಡ್ ಟ್ರ್ಯಾಕ್ಸ್’ ಅಂತ ಟ್ರ್ಯಾಕ್ಸ್ ರೆಕಾರ್ಡ್ಸ್‌ನಿಂದ ವಿನೈಲ್ ಆಗಿ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಅದು ಊರಿಗೆಲ್ಲ ಗೊತ್ತಾಗಿತ್ತು.

ಇವತ್ತೂ ನಡೆಯುವುದು ಹೆಚ್ಚುಕಡಿಮೆ ಹೀಗೇ. ಪ್ರೊಡ್ಯೂಸರ್ ಹೊಸ ಟ್ರ್ಯಾಕ್ ಅನ್ನು ಮೊದಲು ತಾವೇ ಕ್ಲಬ್‌ನಲ್ಲಿ ಹಾಕಿ ನೋಡುತ್ತಾರೆ, ನಂಬಿಕೆಯ ಡಿಜೆಗಳಿಗೆ ಕಳಿಸುತ್ತಾರೆ. ಎಲ್ಲಿ ಜನರ ಹುರುಪು ಇಳಿಯುತ್ತದೆ ಅಂತ ನೋಡಿ ಮನೆಗೆ ಬಂದು ಎಂಟು ಬಾರ್ ಕತ್ತರಿಸುತ್ತಾರೆ, ಇಲ್ಲವೇ ಸೇರಿಸುತ್ತಾರೆ. ಡಿಜೆ ಒಂದೇ ಓಟಕ್ಕೆ ನುಡಿಸುವ ಸೆಟ್‌ಗಳ ಹಾಡುಪಟ್ಟಿಯಲ್ಲಿ ಹೆಸರಿನ ಬದಲು ‘ಐಡಿ’ ಅಂತ ಬರೆದಿದ್ದರೆ ಅದು ಇಂಥ ಇನ್ನೂ ಹೊರಬರದ ಟ್ರ್ಯಾಕ್ ಆಗಿರಬಹುದು. ತಿಂಗಳುಗಟ್ಟಲೆ ಹಾಗೇ ಓಡಾಡಿ ಆಮೇಲೆ ರಿಲೀಸ್ ಆಗುತ್ತದೆ. ಲೇಬಲ್ ಒಪ್ಪಿದ ಮೇಲೆ ಮಾಸ್ಟರಿಂಗ್, ಅಂದರೆ ಸದ್ದಿನ ಕೊನೆಯ ಹದ, ನಂತರ ಡಿಜೆಗಳಿಗೆ ಪ್ರೊಮೊ ಅನ್ನುವ ಮುಂಗಡ ಪ್ರತಿ. ಕೆಲವು ಸಲ ಬೀಟ್‌ಪೋರ್ಟ್‌ನಂಥ ಡಿಜೆ ಅಂಗಡಿಯಲ್ಲಿ ಮೊದಲು ಮಾರಿ, ಒಂದೆರಡು ವಾರ ಬಿಟ್ಟು ಸ್ಟ್ರೀಮಿಂಗ್‌ಗೆ ಬಿಡುತ್ತಾರೆ. 2004ರಲ್ಲಿ ಶುರುವಾದ ಆ ಅಂಗಡಿಯಲ್ಲಿ ಪ್ರತಿ ಟ್ರ್ಯಾಕ್ ಪಕ್ಕ ವೇಗವೂ ಶ್ರುತಿಯೂ ನಮೂದಾಗಿರುತ್ತವೆ. ಯಾವುದರ ಜೊತೆ ಬೆಸೆಯಬಹುದು ಅಂತ ಡಿಜೆಗೆ ಕೂಡಲೇ ತಿಳಿಯುತ್ತದೆ. ಹೊಸ ರಿಲೀಸ್‌ಗಳು ಹೆಚ್ಚಾಗಿ ಶುಕ್ರವಾರ ಬರುವುದು ಯಾಕೆ ಅಂದರೆ, 2015ರ ಜುಲೈನಿಂದ ಸಂಗೀತೋದ್ಯಮ ಲೋಕಕ್ಕೆಲ್ಲ ಒಂದೇ ದಿನ ಅಂತ ಅದನ್ನೇ ಇಟ್ಟುಕೊಂಡಿದೆ.

ಹೊಸಬರಿಗೆ ನಾನು ಹೇಳುವುದು, ಪ್ರೊಡ್ಯೂಸರ್ ಹೆಸರಿನಷ್ಟೇ ಲೇಬಲ್ ಹೆಸರನ್ನೂ ನೋಡಿ. ನ್ಯೂಯಾರ್ಕ್‌ನಲ್ಲಿ 1989ರಲ್ಲಿ ಶುರುವಾದ ಸ್ಟ್ರಿಕ್ಟ್ಲಿ ರಿದಮ್, ಲಂಡನ್‌ನಲ್ಲಿ 1999ರಲ್ಲಿ ಶುರುವಾದ ಡಿಫೆಕ್ಟೆಡ್, ಇಂಥ ಲೇಬಲ್‌ಗಳಿಗೆ ತಮ್ಮದೇ ರುಚಿ ಇದೆ. ಹೆಸರೇ ಕೇಳಿರದ ಪ್ರೊಡ್ಯೂಸರ್‌ನ ಟ್ರ್ಯಾಕ್ ಆದರೂ ನಂಬಿಕೆಯ ಲೇಬಲ್ ಅಂತ ಕೇಳಿದರೆ ಎಷ್ಟೋ ಸಲ ಒಳ್ಳೆಯದು ಸಿಗುತ್ತದೆ.

ಹಾಗೆಯೇ ರಿಲೀಸ್‌ನಲ್ಲಿ ಯಾರ ಯಾರ ಹೆಸರಿದೆ ಅಂತಲೂ ಓದಿ. ಹೌಸ್‌ನ ಇತಿಹಾಸದಲ್ಲಿ ಈ ವಿಷಯಕ್ಕೆ ಬಹಳ ಅನ್ಯಾಯ ನಡೆದಿದೆ. 1989ರಲ್ಲಿ ಬ್ರಿಟನ್‌ನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿದ್ದ ಬ್ಲ್ಯಾಕ್ ಬಾಕ್ಸ್ ತಂಡದ ‘ರೈಡ್ ಆನ್ ಟೈಮ್’ನಲ್ಲಿ ಕೇಳುವ ದನಿ ಲೊಲೆಟಾ ಹಾಲೋವೇ ಅವರದು. ಅವರ ಹಳೆಯ ಹಾಡಿನಿಂದ ತುಣುಕು, ಅಂದರೆ ಸ್ಯಾಂಪಲ್ ತೆಗೆದಿದ್ದರು. ಟಿವಿಯಲ್ಲಿ ಬಾಯಿ ಆಡಿಸಿದ್ದು ಮಾತ್ರ ಒಬ್ಬ ಮಾಡೆಲ್. ಲ್ಯಾರಿ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ ತಮ್ಮ 1980ರ ದಶಕದ ಹಾಡುಗಳಿಗೆ ಸರಿಯಾಗಿ ದುಡ್ಡು ಕೊಟ್ಟಿಲ್ಲ ಅಂತ 2020ರಲ್ಲಿ ಟ್ರ್ಯಾಕ್ಸ್ ರೆಕಾರ್ಡ್ಸ್ ಮೇಲೆ ಕೇಸು ಹಾಕಿದರು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಅವರಿಗೆ ವಾಪಸ್ ಬಂತು. ಇವತ್ತಿನ ಪ್ರೊಡ್ಯೂಸರ್‌ಗಳಲ್ಲಿ ಎಷ್ಟೋ ಜನ ಸ್ವಂತ ಲೇಬಲ್ ಮಾಡಿಕೊಳ್ಳುವುದಕ್ಕೆ ಇಂಥ ಕತೆಗಳೂ ಕಾರಣ. ನಿಮಗೆ ಒಂದು ಟ್ರ್ಯಾಕ್ ನಿಜವಾಗಿ ಇಷ್ಟವಾದರೆ ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣದಲ್ಲಿ ಕೊಂಡುಕೊಳ್ಳಿ. ನೂರು ಸಲ ಸ್ಟ್ರೀಮ್ ಮಾಡುವುದಕ್ಕಿಂತ ಒಂದು ಸಲ ಕೊಂಡರೆ ಅವರ ಕೈಗೆ ಹೋಗುವುದು ಜಾಸ್ತಿ.

ಕೊಂಡ ಮೇಲೆ ಒಂದು ಕೆಲಸ ಮಾಡಿ. ಎಕ್ಸ್‌ಟೆಂಡೆಡ್ ಮಿಕ್ಸ್ ಅನ್ನು ಬೇಸ್ ಚೆನ್ನಾಗಿ ಕೇಳುವ ಹೆಡ್‌ಫೋನ್‌ನಲ್ಲಿ ಪೂರ್ತಿ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಬೇಸ್‌ಲೈನ್ ಬಹುತೇಕ ಕೇಳಿಸುವುದೇ ಇಲ್ಲ, ಅಂದರೆ ಅರ್ಧ ಹಾಡು ಇಲ್ಲವೇ ಇಲ್ಲ. ಕೆಲವು ವಾರ ಬಿಟ್ಟು ಅದೇ ಟ್ರ್ಯಾಕ್ ಇರುವ ಒಂದು ಡಿಜೆ ಸೆಟ್ ಹುಡುಕಿ. ಅದು ಯಾವ ಹಾಡಿನ ಅಡಿಯಿಂದ ಒಳಗೆ ಬಂತು, ಎಷ್ಟನೇ ಬಾರ್‌ಗೆ ಬೇಸ್ ಕೈ ಬದಲಾಯಿತು, ಬ್ರೇಕ್‌ಡೌನ್ ಪೂರ್ತಿ ಬಿಟ್ಟರಾ ಅಥವಾ ನಡುವೆಯೇ ಮುಂದಿನದನ್ನು ತಂದರಾ ಅಂತ ಕಿವಿಗೊಟ್ಟು ಕೇಳಿ. ಆಮೇಲೆ ಬೇರೊಬ್ಬ ಡಿಜೆಯ ಸೆಟ್‌ನಲ್ಲಿ ಅದನ್ನೇ ಕೇಳಿ. ಅವರು ಬೇರೆ ಜಾಗದಲ್ಲಿ ಹೊಕ್ಕಿರುತ್ತಾರೆ.